ಬೆಕ್ಕಿಗೂ ಮಗುವಿಗೂ ಒಂದೇ ಹುಳಕಡ್ಡಿ: ಎರಡು ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಧಾರವಾಡ
ಉಪನಿರ್ದೇಶಕರು, ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ, ಧಾರವಾಡ
ಆಯುಕ್ತರು, ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ
ಹಾಗೂ ಅವಳಿ ನಗರದಲ್ಲಿ ಬೆಕ್ಕು ಸಾಕಿದ ಎಲ್ಲರಿಗೂ

ಮಾನ್ಯರೇ,

ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ನಾನು ಔಷಧಿ ಅಂಗಡಿ ನಡೆಸುತ್ತೇನೆ. ಮಿರಗದ ಮಳೆ ಹಿಡಿಯಿತೆಂದರೆ ಕೌಂಟರಿನ ಮುಂದೆ ತೋಳು ತೋರಿಸುವವರು, ಕುತ್ತಿಗೆ ತೋರಿಸುವವರು, ಮಗುವಿನ ತಲೆ ಬಗ್ಗಿಸಿ ಕೂದಲು ಸರಿಸಿ ತೋರಿಸುವವರು ಬರತೊಡಗುತ್ತಾರೆ. ಎಲ್ಲರದೂ ಒಂದೇ ಮಾತು: "ಗಜಕರ್ಣಕ್ಕ ಒಂದು ಚಲೋ ಮುಲಾಮು ಕೊಡ್ರಿ." ಇವರಲ್ಲಿ ಕೆಲವರ ಮನೆಯಲ್ಲಿ ಬೆಕ್ಕಿರುತ್ತದೆ. ಆ ಬೆಕ್ಕಿನ ಕಿವಿಯಂಚಿನಲ್ಲೋ ಮೂತಿಯ ಮೇಲೋ ಮುಂಗಾಲಿನಲ್ಲೋ ಕೂದಲು ಉದುರಿರುತ್ತದೆ. ಮಗುವನ್ನು ನೋಡಿದ ವೈದ್ಯರು ಬೆಕ್ಕಿನ ಬಗ್ಗೆ ಕೇಳಿರುವುದಿಲ್ಲ. ಬೆಕ್ಕನ್ನು ಪಶುವೈದ್ಯರ ಹತ್ತಿರ ಒಯ್ಯುವವರೇ ಕಡಿಮೆ. ಒಯ್ದರೂ ಅಲ್ಲಿ ಮನೆಮಂದಿಯ ಮೈಬಗ್ಗೆ ಕೇಳುವವರಿಲ್ಲ. ಕೇಳದೇ ಉಳಿದ ಆ ಎರಡು ಪ್ರಶ್ನೆಗಳಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಫಾರ್ಮಸಿ ಓದಿದವನು. ಆದರೆ ಒಂದೇ ಮನೆಯವರು ಒಂದೇ ತುರಿಕೆಗೆ ಮತ್ತೆ ಮತ್ತೆ ಬಂದು ನಿಲ್ಲುವುದು ಆಸ್ಪತ್ರೆಗಿಂತ ಮೊದಲು ಕಾಣುವುದು ನಮ್ಮಂಥ ಅಂಗಡಿಗಳಲ್ಲಿ.

ಗಜಕರ್ಣವೆಂದರೂ ಹುಳಕಡ್ಡಿಯೆಂದರೂ ಒಂದೇ ಕಾಯಿಲೆ. ಬೆಕ್ಕಿನಿಂದ ಮನುಷ್ಯರಿಗೆ ಬರುವ ಹುಳಕಡ್ಡಿಗೆ ಹೆಚ್ಚಾಗಿ ಕಾರಣವಾಗುವುದು ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಶಿಲೀಂಧ್ರ. ಇದು ಕೂದಲು, ಉಗುರು, ಚರ್ಮದ ಮೇಲುಪದರ ಇವುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬದುಕುತ್ತದೆ. ಸೋಂಕು ತಗುಲಿದ ಕೂದಲು ಬುಡದಲ್ಲಿ ಮುರಿಯುತ್ತದೆ, ಆ ತುಂಡುಕೂದಲಿನ ಸುತ್ತ ಬೀಜಕಣಗಳು ಮುತ್ತಿರುತ್ತವೆ. ಬೆಕ್ಕು ಮೈಕೊಡವಿದಲ್ಲಿ, ಉರುಳಾಡಿದಲ್ಲಿ, ಮಲಗಿದಲ್ಲಿ ಅವು ಬೀಳುತ್ತವೆ. ಬಿದ್ದವು ಒಣಗಿದ ಜಾಗದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಪ್ರಯೋಗಾಲಯದಲ್ಲಿ 18 ತಿಂಗಳವರೆಗೂ ಉಳಿದದ್ದನ್ನು ನೋಡಿದ್ದಾರೆ. ಮನುಷ್ಯರ ಚರ್ಮಕ್ಕೆ ತಾಗಿದ ಮೇಲೆ ಉಂಗುರ ಎದ್ದು ಕಾಣಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಹೀಗಾಗಿ ಯಾವತ್ತು, ಎಲ್ಲಿ ತಾಗಿತು ಎನ್ನುವುದು ಮನೆಯವರಿಗೆ ಹೊಳೆಯುವುದೇ ಇಲ್ಲ.

ಮರಿಗಳಿಗೆ ಇದು ಬೇಗ ಹಿಡಿಯುತ್ತದೆ. ಪರ್ಷಿಯನ್‌ನಂಥ ಉದ್ದ ಕೂದಲಿನ ಬೆಕ್ಕುಗಳಿಗೂ ಹಾಗೆಯೇ. ವಿದ್ಯಾನಗರ, ಕೇಶ್ವಾಪುರದ ಕಡೆ ಈಗ ದುಡ್ಡು ಕೊಟ್ಟು ಇಂಥವನ್ನು ತಂದು ಸಾಕುವವರು ಹೆಚ್ಚಾಗಿದ್ದಾರೆ. ಕೆಲವು ಬೆಕ್ಕುಗಳ ಮೈಮೇಲೆ ಒಂದೂ ಕಲೆ ಇರುವುದಿಲ್ಲ, ಆದರೂ ತುಪ್ಪಳದಲ್ಲಿ ಬೀಜಕಣ ಹೊತ್ತು ತಿರುಗುತ್ತವೆ. ಆರೋಗ್ಯವಾಗಿರುವ ಬೆಕ್ಕಿನಲ್ಲಿ ಎರಡು-ಮೂರು ತಿಂಗಳಿಗೆ ಸೋಂಕು ತಾನಾಗಿಯೇ ಇಳಿಯುವುದುಂಟು. ಅಷ್ಟು ದಿನ ಕಾಯುವುದೆಂದರೆ ಅಷ್ಟೂ ದಿನ ಅದು ಮನೆ ತುಂಬ ಬೀಜಕಣ ಉದುರಿಸುವುದನ್ನು ನೋಡುತ್ತ ಕೂತಂತೆ.

ಒಂದು ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ದಸರೆ ಹತ್ತಿರ ಇದ್ದಾಗ ಒಬ್ಬ ತಾಯಿ ಎರಡನೇ ತರಗತಿಯ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಯ ನೆತ್ತಿಯ ಪಕ್ಕದಲ್ಲಿ ಐದು ರೂಪಾಯಿ ನಾಣ್ಯದಷ್ಟು ಗುಂಡನೆಯ ಜಾಗ. ಕೂದಲು ಪೂರ್ತಿ ಉದುರಿರಲಿಲ್ಲ, ಬುಡದ ಹತ್ತಿರ ಮುರಿದು ಮೋಟುಮೋಟಾಗಿ ನಿಂತಿದ್ದವು, ಮೇಲೆ ಬೂದಿಬಣ್ಣದ ಹೊಟ್ಟು. ತಾಯಿಯ ಮೊಣಕೈ ಒಳಬದಿಯಲ್ಲಿ ಒಂದು ಕೆಂಪು ಉಂಗುರ, ಅಂಚು ಉಬ್ಬಿ ನಡುವೆ ತಿಳಿಯಾಗಿದ್ದು. ಮಗಳ ತಲೆಗೆ ಯಾರೋ ಬರೆದುಕೊಟ್ಟ ಮುಲಾಮು ಹಚ್ಚುತ್ತಲೇ ಇದ್ದರು, ಜಾಗ ಮಾತ್ರ ಅಗಲವಾಗುತ್ತಿತ್ತು. "ಬೆಕ್ಕು ಸಾಕೀರೇನ್ರಿ?" ಎಂದೆ. "ಹೂಂರಿ, ಮರಿ ಐತ್ರಿ. ರಾತ್ರಿ ಇಕಿ ಕೌದ್ಯಾಗ ಮಲಗತೈತ್ರಿ" ಎಂದರು. ಸಂಜೆ ಹುಡುಗಿಯ ತಮ್ಮ ಮರಿಯನ್ನು ಬುಟ್ಟಿಯಲ್ಲಿಟ್ಟು ಮೇಲೆ ಟವೆಲ್ ಮುಚ್ಚಿಕೊಂಡು ತಂದ. ಎಡಗಿವಿಯ ಅಂಚು ಬೋಳಾಗಿತ್ತು, ಮೂಗಿನ ಮೇಲೆ ಹೊಟ್ಟು ಕಟ್ಟಿತ್ತು. ಮಗಳನ್ನು ಚರ್ಮರೋಗ ತಜ್ಞರಿಗೆ, ಮರಿಯನ್ನು ಪಶುವೈದ್ಯರಿಗೆ ಒಂದೇ ದಿನ ತೋರಿಸಿರಿ ಎಂದು ಚೀಟಿ ಬರೆದುಕೊಟ್ಟೆ.

ಮಗಳನ್ನು ತೋರಿಸಿದರು. ಮರಿಯನ್ನು ಮನೆಯ ಗಂಡಸರು ಚೀಲದಲ್ಲಿ ಹಾಕಿ ಅಮರಗೋಳದ ಎಪಿಎಂಸಿ ಕಡೆ ಬಿಟ್ಟು ಬಂದರು. ತಿಂಗಳೊಳಗೆ ತಮ್ಮನ ಕೈಮೇಲೂ ಉಂಗುರ ಎದ್ದಿತು. ಬೆಕ್ಕು ಹೋಗಿತ್ತು, ಕೌದಿ ಅಲ್ಲೇ ಇತ್ತು. ಅಕ್ಕ-ತಮ್ಮ ಅದೇ ಕೌದಿ ಹೊದ್ದು, ಅದೇ ಬಾಚಣಿಕೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಹುಡುಗಿಗೆ ವಾರಗಟ್ಟಲೆ ಗುಳಿಗೆ ನಡೆದು ಈಗ ಕೂದಲು ಬಂದಿದೆ. ಮರಿ ಏನಾಯಿತೋ ಯಾರಿಗೂ ಗೊತ್ತಿಲ್ಲ. ಅದು ಹೋದಲ್ಲಿ ಬೇರೆ ಬೆಕ್ಕುಗಳಿಗೆ, ಹಮಾಲರ ಮಕ್ಕಳಿಗೆ ಸೋಂಕು ಹಂಚಿರಲೂಬಹುದು.

ಬೆಕ್ಕನ್ನು ಬಿಟ್ಟು ಬರುವುದು ಚಿಕಿತ್ಸೆಯಲ್ಲ ಎಂದು ಇಲಾಖೆಯವರೇ ಜನರಿಗೆ ಸ್ಪಷ್ಟವಾಗಿ ಹೇಳಬೇಕು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ಸರಿಯಾದ ಕಾರಣವಿಲ್ಲದೆ ಪ್ರಾಣಿಯನ್ನು ಹಸಿವು-ನೀರಡಿಕೆಗೆ ಗುರಿಯಾಗುವಂತೆ ತೊರೆಯುವುದು ಅಪರಾಧ. ಕಾಯ್ದೆಯ ಮಾತು ಪಕ್ಕಕ್ಕಿಟ್ಟರೂ, ವಾಸಿಯಾಗುವ ಕಾಯಿಲೆಗೆ ಒಂದು ಮರಿಯನ್ನು ಬೀದಿಗೆ ತಳ್ಳುವುದು ನನಗೆ ಸಹಿಸಲಾಗದ ಸಂಗತಿ. ಇಲಿ ಕಾಯಲಿ ಎಂದು ಕಿರಾಣಿ ಅಂಗಡಿಯಲ್ಲಿ, ಜೋಳ-ಗೋಧಿ ತುಂಬಿಟ್ಟ ಮನೆಯಲ್ಲಿ ತಲೆಮಾರುಗಳಿಂದ ಬೆಕ್ಕು ಸಾಕಿದ ಊರು ನಮ್ಮದು.

ಹಾಗೆಂದು ಎಲ್ಲ ಗಜಕರ್ಣವನ್ನೂ ಬೆಕ್ಕಿನ ತಲೆಗೆ ಕಟ್ಟುವುದೂ ತಪ್ಪು. ಇಂದು ನಮ್ಮ ದೇಶದಲ್ಲಿ ದೊಡ್ಡವರ ತೊಡೆಸಂದು, ಸೊಂಟ, ಹೊಟ್ಟೆಯ ಮೇಲೆ ಹಬ್ಬುವ, ಎಷ್ಟು ಹಚ್ಚಿದರೂ ಬಿಡದ ಹುಳಕಡ್ಡಿಗೆ ಮುಖ್ಯ ಕಾರಣ ಟ್ರೈಕೋಫೈಟಾನ್ ಗುಂಪಿನ ಒಂದು ಶಿಲೀಂಧ್ರ. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಅದು ಹರಡುವುದು ಮನುಷ್ಯರಿಂದ ಮನುಷ್ಯರಿಗೆ, ಹಂಚಿಕೊಂಡ ಟವೆಲು-ಬಟ್ಟೆಗಳಿಂದ. ಟರ್ಬಿನಾಫಿನ್ ಔಷಧಿಗೆ ಬಗ್ಗದ ತಳಿಗಳು ಅದರಲ್ಲಿ ಬಹಳ. ಮಕ್ಕಳ ತಲೆಯ ಹುಳಕಡ್ಡಿಗೂ ನಮ್ಮಲ್ಲಿ ಹೆಚ್ಚಿನ ಸಲ ಕಾರಣವಾಗುವುದು ಟ್ರೈಕೋಫೈಟಾನ್ ಜಾತಿಗಳೇ. ಆದ್ದರಿಂದ "ಬೆಕ್ಕು ಇದೆ" ಎಂದ ಮಾತ್ರಕ್ಕೆ ಬೆಕ್ಕಿನದೇ ಎನ್ನುವಂತಿಲ್ಲ, "ಬೆಕ್ಕು ಇದೆಯೇ" ಎಂದು ಕೇಳದೆ ಬಿಡುವಂತೆಯೂ ಇಲ್ಲ. ಪರೀಕ್ಷೆ ಬೇಕು. ಯಾವ ಶಿಲೀಂಧ್ರ ಎನ್ನುವುದರ ಮೇಲೆ ಔಷಧಿಯೂ ಬದಲಾಗುತ್ತದೆ: ತಲೆಯಲ್ಲಿ ಮೈಕ್ರೋಸ್ಪೋರಮ್ ಇದ್ದರೆ ಟರ್ಬಿನಾಫಿನ್‌ಗಿಂತ ಗ್ರೈಸಿಯೋಫುಲ್ವಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಟ್ರೈಕೋಫೈಟಾನ್ ಇದ್ದರೆ ಲೆಕ್ಕ ಬೇರೆ. ಯಾವುದೇ ಆಗಲಿ, ತಲೆಯ ಹುಳಕಡ್ಡಿ ಬರೀ ಮುಲಾಮಿಗೆ ಹೋಗುವುದಿಲ್ಲ, ಏಕೆಂದರೆ ಅದು ಕೂದಲಿನ ಬುಡದೊಳಗೆ ಕೂತಿರುತ್ತದೆ. ವೈದ್ಯರು ಬರೆದ ಗುಳಿಗೆ ಆರೆಂಟು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ನಡೆಯಬೇಕಾಗುತ್ತದೆ. ತಡಮಾಡಿದರೆ ಕೆಲ ಮಕ್ಕಳಲ್ಲಿ ಅದು ಕೀವುಗಟ್ಟಿ ಗಡ್ಡೆಯಂತೆ ಉಬ್ಬುತ್ತದೆ. ಅದು ಮಾಯ್ದ ಜಾಗದಲ್ಲಿ ಮತ್ತೆ ಕೂದಲು ಬಾರದೇ ಹೋಗಬಹುದು.

ಈಗ ನನ್ನ ವೃತ್ತಿಯವರ ಕಡೆ ತಿರುಗುತ್ತೇನೆ. ಆರೋಗ್ಯಾಧಿಕಾರಿಗಳೇ, ಔಷಧ ನಿಯಂತ್ರಣ ವಿಭಾಗದವರನ್ನೂ ಕೂಡಿಸಿಕೊಂಡು ಈ ಭಾಗವನ್ನು ಓದಿರಿ ಎಂದು ಕೈಮುಗಿದು ಕೇಳುತ್ತೇನೆ. "ಚಲೋ ಮುಲಾಮು" ಎಂದು ಜನ ಕೇಳುವುದು ಬಹಳ ಸಲ ಮೂರ್ನಾಲ್ಕು ಔಷಧಿ ಬೆರೆಸಿದ ಟ್ಯೂಬನ್ನು. ಅದರಲ್ಲಿ ಶಿಲೀಂಧ್ರದ ಔಷಧಿ ಒಂದು, ಬ್ಯಾಕ್ಟೀರಿಯಾದ ಔಷಧಿ ಒಂದು, ಜತೆಗೆ ಕ್ಲೋಬೆಟಾಸಾಲ್‌ನಂಥ ಬಲು ಜೋರಾದ ಸ್ಟೀರಾಯ್ಡ್. ಹಚ್ಚಿದ ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ಜನ ನೆಮ್ಮದಿಯಾಗುತ್ತಾರೆ. ಸ್ಟೀರಾಯ್ಡ್ ಅಲ್ಲಿ ಮಾಡಿದ್ದು ಇಷ್ಟೇ: ಚರ್ಮದ ಪ್ರತಿರೋಧವನ್ನು ಮಲಗಿಸಿತು. ಶಿಲೀಂಧ್ರ ಒಳಗೊಳಗೇ ಹಬ್ಬಿತು. ಉಂಗುರದ ಅಂಚು ಅಳಿಸಿಹೋಗಿ, ಮುಂದೆ ನೋಡುವ ವೈದ್ಯರಿಗೂ ಇದು ಹುಳಕಡ್ಡಿಯೋ ಬೇರೇನೋ ಗೊತ್ತಾಗದಂತಾಯಿತು. ಹಚ್ಚುವುದು ಬಿಟ್ಟೊಡನೆ ಮೊದಲಿಗಿಂತ ಅಗಲವಾಗಿ ಎದ್ದಿತು. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯಲ್ಲಿ ಚರ್ಮ ತೆಳುವಾಗಿ, ಗೆರೆಗೆರೆಯಾಗಿ ಸೀಳಿದ ಗುರುತು ಶಾಶ್ವತವಾಗಿ ಉಳಿಯುತ್ತದೆ.

ಇದನ್ನು ತಡೆಯಲು ಕಾನೂನು ಇಲ್ಲವೆಂದಲ್ಲ. ದೇಶದ ಚರ್ಮರೋಗ ತಜ್ಞರ ಸಂಘ ಐಎಡಿವಿಎಲ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಶೆಡ್ಯೂಲ್ ಎಚ್‌ನಲ್ಲಿ ಸೇರಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 328 ಬೆರಕೆ ಔಷಧಿಗಳನ್ನು ನಿಷೇಧಿಸಿದಾಗ ಸ್ಟೀರಾಯ್ಡ್ ಬೆರೆತ ಚರ್ಮದ ಮುಲಾಮುಗಳೂ ಆ ಪಟ್ಟಿಯಲ್ಲಿದ್ದವು. ಆದರೂ ಇಂಥ ಟ್ಯೂಬುಗಳು ಚೀಟಿ ಇಲ್ಲದೆ ಕೈಗೆ ಸಿಗುತ್ತಿವೆ. ನಾನು ಕೊಡುವುದಿಲ್ಲ ಎಂದರೆ "ಆ ಕಡೆ ಅಂಗಡ್ಯಾಗ ಕೊಡ್ತಾರ ಬಿಡ್ರಿ" ಎಂದು ಹೋಗುತ್ತಾರೆ, ಮತ್ತು ಅಲ್ಲಿ ಸಿಗುತ್ತದೆ. ನೂರು ರೂಪಾಯಿಯೊಳಗಿನ ಟ್ಯೂಬಿನಿಂದ ನಮಗೆ ಬರುವ ಲಾಭ ಎಷ್ಟು? ಅಷ್ಟಕ್ಕೆ ಒಂದು ಮಗುವಿನ ಚರ್ಮವನ್ನು ಒತ್ತೆ ಇಡಬಾರದು ಎಂದು ನನ್ನ ವೃತ್ತಿಬಾಂಧವರಿಗೆ ಬಹಿರಂಗವಾಗಿಯೇ ಹೇಳುತ್ತೇನೆ. ಹುಳಕಡ್ಡಿ ಎಂದು ಬಂದವರಿಗೆ ವೈದ್ಯರ ದಾರಿ ತೋರಿಸಿರಿ. ಹೋಗುವವರೆಗೆ ಏನಾದರೂ ಕೊಡಲೇಬೇಕೆಂದರೆ ಸ್ಟೀರಾಯ್ಡ್ ಇಲ್ಲದ ಕ್ಲೋಟ್ರಿಮಜೋಲ್ ಕೊಡಿರಿ. ಉಂಗುರದ ಅಂಚು ದಾಟಿ ಎರಡು ಬೆರಳು ಆಚೆಯವರೆಗೂ ಹಚ್ಚಬೇಕು, ಕಲೆ ಮಾಯವಾದ ಮೇಲೂ ಒಂದೆರಡು ವಾರ ಬಿಡಬಾರದು ಎಂದು ಬಾಯಿಬಿಟ್ಟು ಹೇಳಿರಿ.

ಇದೇ ಮುಲಾಮನ್ನು ಬೆಕ್ಕಿಗೆ ಹಚ್ಚುವವರೂ ಇದ್ದಾರೆ. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಫಿನಾಯಿಲ್, ಡೆಟಾಲ್‌ನಂಥ ಫೀನಾಲ್ ಜಾತಿಯ ದ್ರಾವಣಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ನಾಯಿಯ ಮೈಮೇಲಿನ ಉಣ್ಣೆಹುಳಕ್ಕೆಂದು ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ಪ್ರಾಣಾಂತಕ ವಿಷ. ಸೀಮೆಎಣ್ಣೆ, ಗಾಡಿಯ ಸುಟ್ಟ ಎಣ್ಣೆ ಬಳಿಯುವುದಂತೂ ಮಹಾಪಾಪ. ಮನುಷ್ಯರ ಚರ್ಮದ ಮೇಲೂ ಬೆಳ್ಳುಳ್ಳಿ ಜಜ್ಜಿ ಕಟ್ಟುವುದು, ಎಕ್ಕಿಯ ಹಾಲು ಹಚ್ಚುವುದು ಬೇಡ. ಸುಟ್ಟು ಬೊಬ್ಬೆ ಎದ್ದವರು ನನ್ನ ಹತ್ತಿರವೇ ಬರುತ್ತಾರೆ.

ಬೆಕ್ಕಿಗೆ ಸರಿಯಾದ ಚಿಕಿತ್ಸೆ ಇದೆ. ಮೈಕೊನಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಎರಡೂ ಇರುವ ಶಾಂಪೂವಿನಿಂದ ವಾರಕ್ಕೆರಡು ಸಲ ಸ್ನಾನ, ಜತೆಗೆ ಬಾಯಿಯ ಮೂಲಕ ಇಟ್ರಾಕೊನಜೋಲ್ ಎಂಬ ಶಿಲೀಂಧ್ರದ ಔಷಧಿ. ಸಾಮಾನ್ಯವಾಗಿ ಒಂದು ವಾರ ಕೊಟ್ಟು ಒಂದು ವಾರ ಬಿಟ್ಟು, ಹೀಗೆ ಮೂರು ಸುತ್ತು ನಡೆಸುತ್ತಾರೆ. ಆದರೆ ಇದನ್ನು ಓದಿ ಯಾರೂ ತಾವೇ ಗುಳಿಗೆ ಒಡೆಯಬಾರದು. ಒಂದು ಕೇಜಿ ತೂಕದ ಮರಿಗೆ ದಿನಕ್ಕೆ ಬೇಕಾದದ್ದು 5 ಮಿಲಿಗ್ರಾಂ ಆಸುಪಾಸು. ನನ್ನ ಅಂಗಡಿಯ ಕಪಾಟಿನಲ್ಲಿರುವ ಮನುಷ್ಯರ ಕ್ಯಾಪ್ಸೂಲು 100 ಮಿಲಿಗ್ರಾಂನದು. ಒಳಗಿನ ಸಣ್ಣ ಗುಂಡುಗಳನ್ನು ಮನೆಯಲ್ಲಿ ಇಪ್ಪತ್ತು ಪಾಲು ಮಾಡಿ ಅಳೆಯಲು ಬರುವುದಿಲ್ಲ. ಮಕ್ಕಳಿಗೆ ಬಳಸುವ ಗ್ರೈಸಿಯೋಫುಲ್ವಿನ್ ಗಬ್ಬದ ಬೆಕ್ಕಿಗೆ ಕೊಟ್ಟರೆ ಹೊಟ್ಟೆಯಲ್ಲಿನ ಮರಿಗಳು ವಿಕಲವಾಗಬಹುದು. ತೂಕ ನೋಡಿ, ವಯಸ್ಸು ನೋಡಿ ಪಶುವೈದ್ಯರೇ ಬರೆಯಬೇಕು. ಅಲ್ಲಿಗೆ ಒಯ್ಯುವುದೇ ಕಷ್ಟವೆನ್ನುವವರು ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಹತ್ತಿರದ ಪಶು ಆಸ್ಪತ್ರೆ ಯಾವುದೆಂದು ಕೇಳಿ ನೋಡಬಹುದು.

ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬೆಕ್ಕಿನ ಕಿವಿಯಂಚು, ಮುಖ, ಕುತ್ತಿಗೆಯ ಮೇಲೆ ದಪ್ಪ ಹಕ್ಕಳೆ ಕಟ್ಟಿ ಅದು ಸದಾ ಕೆರೆದುಕೊಳ್ಳುತ್ತಿದ್ದರೆ ಶಿಲೀಂಧ್ರದ ಬದಲು ನೊಟೊಯೆಡ್ರಿಸ್ ಎಂಬ ಕಜ್ಜಿನುಸಿ ಇರಬಹುದು. ಅದೂ ಎತ್ತಿಕೊಂಡವರ ತೋಳು, ಎದೆಗೆ ದಾಟಿ ತುರಿಕೆಯ ಗುಳ್ಳೆ ಎಬ್ಬಿಸುತ್ತದೆ. ಆದರೆ ನಮ್ಮ ಮೈಮೇಲೆ ಸಂಸಾರ ಹೂಡಲಾರದು, ಬೆಕ್ಕು ವಾಸಿಯಾದರೆ ನಮ್ಮದೂ ಇಳಿಯುತ್ತದೆ. ಎರಡಕ್ಕೂ ಔಷಧಿ ಬೇರೆ ಬೇರೆ. ಕಣ್ಣಂದಾಜಿನಲ್ಲಿ ಹೇಳಲಾಗದು, ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಸೋಂಕು ಹೆಚ್ಚಾಗಿ ಉಳಿಯುವುದು ಅಲ್ಲೇ, ಅದರಲ್ಲೂ ಕೌದಿಯಲ್ಲಿ. ಅವ್ವ-ಆಯಿಯರ ಹಳೇ ಸೀರೆಗಳನ್ನು ಪದರಪದರವಾಗಿ ಇಟ್ಟು ಕೈಹೊಲಿಗೆ ಹಾಕಿದ ಕೌದಿಗಿಂತ ಬೆಕ್ಕಿಗೆ ಪ್ರಿಯವಾದ ಜಾಗ ಇನ್ನೊಂದಿಲ್ಲ. ಆ ಹೊಲಿಗೆಯ ಸಾಲುಗಳ ನಡುವೆ ಕೂದಲು ಸಿಕ್ಕಿಕೊಳ್ಳುತ್ತದೆ. ಕೌದಿ ಭಾರ, ತೊಯ್ದರೆ ಇಬ್ಬರು ಹಿಡಿದು ಹಿಂಡಬೇಕು, ಹೀಗಾಗಿ ವರ್ಷಕ್ಕೊಮ್ಮೆ ಮಾರ್ನವಮಿಯ ಹೊತ್ತಿಗೆ ಒಗೆಯುವ ಮನೆಗಳೇ ಹೆಚ್ಚು. ಬೆಕ್ಕಿಗೆ ಹುಳಕಡ್ಡಿ ಇದ್ದಾಗ ಹಾಗೆ ಬಿಟ್ಟರೆ ಯಾವ ಔಷಧಿಯೂ ದಡ ಮುಟ್ಟಿಸದು. ಮೊದಲು ಅಂಗಳದಲ್ಲಿ ಕೂದಲು ತೆಗೆಯಬೇಕು. ಕೊಡವಿದರೆ ಬೀಜಕಣ ಗಾಳಿಗೇರುತ್ತವೆ, ಅದಕ್ಕೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಆಮೇಲೆ ಸೋಪಿನ ಪುಡಿಯಲ್ಲಿ ಚೆನ್ನಾಗಿ ಕುಕ್ಕಿ ಒಗೆದು, ಜಾಲಿಸಿ, ಮತ್ತೊಮ್ಮೆ ಅದೇ ರೀತಿ ಒಗೆಯಬೇಕು. ಕುದಿಯುವ ನೀರೇ ಆಗಬೇಕೆಂದಿಲ್ಲ. ತಣ್ಣೀರಲ್ಲೂ ಎರಡು ಸಲ ಚೆನ್ನಾಗಿ ಕುಕ್ಕಿ ಒಗೆದರೆ ಬೀಜಕಣ ತೊಳೆದುಹೋಗುತ್ತವೆ. ಬರೀ ಬಿಸಿಲಿಗೆ ಹಾಕಿದರೆ ಸಾಲದು. ಮಗುವಿಗೆ ಅಲ್ಲಿಯವರೆಗೆ ಬೇರೆ ತೆಳು ಹೊದಿಕೆ ಕೊಡಿರಿ, ಬಾಚಣಿಕೆ, ಟವೆಲ್, ಟೊಪ್ಪಿಗೆ ಬೇರೆ ಮಾಡಿರಿ.

ನೆಲವನ್ನು ಕಸಬರಿಗೆಯಿಂದ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು. ಕೂದಲು-ಕಸ ತೆಗೆದು ಸೋಪಿನ ನೀರಿನಿಂದ ತೊಳೆದ ಮೇಲೆ, ಒಂದು ಲೀಟರ್ ನೀರಿಗೆ ಸುಮಾರು 10 ಮಿಲಿ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್ ಬೆರೆಸಿ ಒರೆಸಿ, 10 ನಿಮಿಷ ತೇವ ಆರದಂತೆ ಬಿಡಬೇಕು. ಕಸದ ಮೇಲೆ ಬ್ಲೀಚ್ ಸುರಿದರೆ ಕೆಲಸ ಮಾಡುವುದಿಲ್ಲ. ಅದನ್ನು ಪಾಯಿಖಾನೆ ತೊಳೆಯುವ ಆ್ಯಸಿಡ್ ಜತೆ ಎಂದೂ ಕೂಡಿಸಬಾರದು, ವಿಷದ ಗಾಳಿ ಏಳುತ್ತದೆ. ಒರೆಸಿದ ಜಾಗ ಒಣಗುವವರೆಗೆ ಬೆಕ್ಕನ್ನು ಬಿಡಬಾರದು. ಚಿಕಿತ್ಸೆ ನಡೆಯುವಷ್ಟು ದಿನ ಬೆಕ್ಕಿಗೆ ಸಾಮಾನು ಕಡಿಮೆ ಇರುವ ಒಂದು ಕೋಣೆ ಕೊಟ್ಟರೆ ಒರೆಸಲು ಸುಲಭ. ಎಳೆಯ ಮರಿಯಾದರೆ ಅದನ್ನು ಒಂಟಿಯಾಗಿ ಕೂಡಿಹಾಕಬೇಡಿರಿ. ಆ ವಯಸ್ಸಿನಲ್ಲಿ ಮನುಷ್ಯರ ಸಹವಾಸ ಸಿಗದಿದ್ದರೆ ಅದು ಜೀವನಪೂರ್ತಿ ಹೆದರುವ ಬೆಕ್ಕಾಗುತ್ತದೆ. ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು ದಿನವೂ ಮಾತಾಡಿಸಿರಿ, ಆಡಿಸಿರಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಹಸುಗೂಸು, ಕ್ಯಾನ್ಸರಿನ ಔಷಧಿ ತೆಗೆದುಕೊಳ್ಳುತ್ತಿರುವವರು, ಅಂಗ ಕಸಿ ಮಾಡಿಸಿಕೊಂಡವರು ಆ ಕೆಲಸಕ್ಕೆ ಬೇಡ.

ಇಷ್ಟೆಲ್ಲ ಹೇಳುವಾಗ ನನಗೆ ಸಂಕೋಚವಾಗುವುದು ನೀರಿನ ವಿಷಯಕ್ಕೆ. ಆಯುಕ್ತರೇ, ದಿನಗಟ್ಟಲೆ ನಳದ ದಾರಿ ಕಾದು, ಬಂದ ನೀರನ್ನು ಬ್ಯಾರೆಲ್ಲಿನಲ್ಲಿ ತುಂಬಿಟ್ಟು ಬದುಕುವ ಓಣಿಗಳಲ್ಲಿ "ಕೌದಿಯನ್ನು ಎರಡು ಸಲ ಒಗೆಯಿರಿ" ಎನ್ನುವುದು ಸಲೀಸಾದ ಮಾತಲ್ಲ. ಇಪ್ಪತ್ತನಾಲ್ಕು ತಾಸು ನೀರು ಕೊಡುವ ಯೋಜನೆ 2008ರಲ್ಲೇ ಕೆಲವು ವಾರ್ಡುಗಳಲ್ಲಿ ಶುರುವಾಗಿತ್ತು, ಎಲ್ಲ ವಾರ್ಡುಗಳಿಗೂ ಅದು ಮುಟ್ಟಬೇಕು. ಚರ್ಮರೋಗಕ್ಕೂ ನಳಕ್ಕೂ ಇರುವ ನಂಟನ್ನು ಪಾಲಿಕೆಯ ಸಭೆಯಲ್ಲಿ ಯಾರಾದರೂ ಎತ್ತಲಿ ಎಂಬುದು ನನ್ನ ಆಸೆ.

ನಾನು ಕೇಳುತ್ತಿರುವುದು ದೊಡ್ಡ ಅನುದಾನವನ್ನಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ನಗರ ಆರೋಗ್ಯ ಕೇಂದ್ರಗಳ ಹೊರರೋಗಿ ಚೀಟಿಯಲ್ಲಿ ಚರ್ಮದ ತೊಂದರೆಯವರಿಗಾಗಿ "ಮನೆಯಲ್ಲಿ ಬೆಕ್ಕು, ನಾಯಿ ಇದೆಯೇ? ಅದಕ್ಕೆ ಕೂದಲು ಉದುರಿದೆಯೇ?" ಎಂಬ ಸಾಲೊಂದು ಸೇರಲಿ. ಪಶು ಆಸ್ಪತ್ರೆಯ ಚೀಟಿಯಲ್ಲಿ "ಮನೆಯಲ್ಲಿ ಯಾರಿಗಾದರೂ ತುರಿಕೆ, ಉಂಗುರ ಎದ್ದಿದೆಯೇ?" ಎಂಬುದು ಸೇರಲಿ. ಹೌದು ಎಂದವರಿಗೆ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಒಂದು ಶಿಫಾರಸು ಚೀಟಿ ಸಿಗಲಿ. ಪ್ರಾಣಿ ಕಚ್ಚಿದಾಗ ರೇಬೀಸ್ ಭಯಕ್ಕೆ ಮನುಷ್ಯರ ಆಸ್ಪತ್ರೆಯಲ್ಲಿ ಪ್ರಾಣಿಯ ಬಗ್ಗೆ ಕೇಳುತ್ತಾರೆ. ಅದೇ ರೂಢಿ ಚರ್ಮಕ್ಕೂ ಬರಲಿ. ಮನುಷ್ಯ, ಪ್ರಾಣಿ, ಪರಿಸರ ಮೂರನ್ನೂ ಕೂಡಿಸಿ ನೋಡಬೇಕೆಂದು ಕೇಂದ್ರ ಸರ್ಕಾರವೇ ರಾಷ್ಟ್ರೀಯ ಒನ್ ಹೆಲ್ತ್ ಮಿಷನ್ ರೂಪಿಸಿದೆ. ಅದು ಧಾರವಾಡ ಜಿಲ್ಲೆಯಲ್ಲಿ ಒಂದು ಚೀಟಿಯ ರೂಪದಲ್ಲಾದರೂ ಇಳಿಯಲಿ.

ಹುಬ್ಬಳ್ಳಿ, ಧಾರವಾಡದ ಪಶು ಆಸ್ಪತ್ರೆಗಳಲ್ಲಿ ಒಂದೊಂದು ವುಡ್ಸ್ ದೀಪ ಇರಬೇಕು, ಇದ್ದರೆ ಅದು ಬಳಕೆಯಲ್ಲಿರಬೇಕು. ಕತ್ತಲು ಕೋಣೆಯಲ್ಲಿ ಆ ನೇರಳಾತೀತ ಬೆಳಕು ಬಿಟ್ಟರೆ ಮೈಕ್ರೋಸ್ಪೋರಮ್ ಹಿಡಿದ ಕೂದಲು ಬುಡದಿಂದ ತಿಳಿಹಸಿರಾಗಿ ಹೊಳೆಯುತ್ತದೆ. ಚರ್ಮದ ಹೊಟ್ಟು, ಮುಲಾಮು, ನೂಲಿನ ಎಳೆ ಕೂಡ ಹೊಳೆಯುವುದುಂಟು, ಆದ್ದರಿಂದ ನೋಡುವವರಿಗೆ ತರಬೇತಿ ಬೇಕು. ಹೊಳೆಯದಿದ್ದರೆ ಸೋಂಕಿಲ್ಲ ಎಂದೂ ಅಲ್ಲ. ಟ್ರೈಕೋಫೈಟಾನ್ ಹಿಡಿದ ಬೆಕ್ಕಿನ ಕೂದಲು ಹೀಗೆ ಹೊಳೆಯುವುದಿಲ್ಲ. ಅದಕ್ಕೇ ಕಲ್ಚರ್, ಅಂದರೆ ಮಾದರಿಯಲ್ಲಿರುವ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆ ಬೇಕು. ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ಬೆಕ್ಕಿನ ಮೈಯೆಲ್ಲ ಬಾಚಿ ಆ ಬ್ರಷ್ಷನ್ನೇ ಮಾದರಿಯಾಗಿ ಕಳಿಸಬಹುದು, ಇಷ್ಟು ಅಗ್ಗದ ಪರೀಕ್ಷೆ ಬೇರೆ ಯಾವುದಿದೆ? ಫಲಿತಾಂಶಕ್ಕೆ ಎರಡು-ಮೂರು ವಾರ ಹಿಡಿಯುತ್ತದೆ. ನಮ್ಮ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಕಿಮ್ಸ್‌ನಲ್ಲಿ, ಅಂದರೆ ಈಗಿನ ಕೆಎಂಸಿಆರ್‌ಐನಲ್ಲಿ ಸೂಕ್ಷ್ಮಜೀವಿ ವಿಭಾಗವಿದೆ, ಪಕ್ಕದ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಬೆಕ್ಕಿನ ಬ್ರಷ್ಷು, ಮಗುವಿನ ಕೂದಲು ಎರಡರ ಫಲಿತಾಂಶವನ್ನೂ ಪಕ್ಕಪಕ್ಕ ಇಟ್ಟು ನೋಡುವ ಏರ್ಪಾಟನ್ನು ಇವೆರಡರ ನಡುವೆ ಮಾಡಿಕೊಡುವುದು ನಿಮ್ಮ ಮೂವರ ಕೈಯಲ್ಲಿದೆ. ಬೆಕ್ಕಿನ ತುಪ್ಪಳ ಮತ್ತೆ ಚೆಂದವಾಯಿತೆಂದು ಜನ ನಡುವೆಯೇ ಔಷಧಿ ಬಿಡುತ್ತಾರೆ. ಕಲ್ಚರಿನಲ್ಲಿ ಶಿಲೀಂಧ್ರ ಬೆಳೆಯಲಿಲ್ಲ ಎಂಬ ಕಾಗದ ಕೈಗೆ ಬರುವವರೆಗೆ ಬಿಡಬಾರದು, ಆ ಕಾಗದ ಸಿಗುವ ವ್ಯವಸ್ಥೆ ಮೊದಲು ಇರಬೇಕು.

ಶಾಲೆ-ಅಂಗನವಾಡಿಗಳಿಗೂ ಒಂದು ಸುತ್ತೋಲೆ ಹೋಗಲಿ. ತಲೆಯಲ್ಲಿ ಹುಳಕಡ್ಡಿ ಇರುವ ಮಗುವನ್ನು ಕೊನೆಯ ಬೆಂಚಿಗೆ ಕೂರಿಸುವುದು, ತಲೆ ಬೋಳಿಸಿಕೊಂಡು ಬಾ ಎನ್ನುವುದು, ವಾಸಿಯಾಗುವವರೆಗೆ ಬರಬೇಡ ಎನ್ನುವುದು ಯಾವುದೂ ಬೇಕಿಲ್ಲ. ಔಷಧಿ ಶುರುವಾದ ಮಗು ಶಾಲೆಗೆ ಬರಬಹುದು. ಟೊಪ್ಪಿಗೆ, ಬಾಚಣಿಕೆ, ರಿಬ್ಬನ್ ಹಂಚಿಕೊಳ್ಳದಂತೆ ನೋಡಿಕೊಂಡರೆ ಸಾಕು. ಮೇಲೆ ಹೇಳಿದ ಹುಡುಗಿ ಬಹಳ ದಿನ ಓಢಣಿ ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದಳು ಎಂದು ಅವಳ ತಾಯಿ ಹೇಳಿದ್ದರು. ಎಂಟು ವರ್ಷದ ಮಗು ಒಂದು ಶಿಲೀಂಧ್ರಕ್ಕಾಗಿ ತಲೆ ಮುಚ್ಚಿಕೊಂಡು ನಾಚುವಂತಾಗಬಾರದು.

ಔಷಧಿ ಅಂಗಡಿಗಳು ಇದರಲ್ಲಿ ಕೈಜೋಡಿಸಬೇಕೆಂದರೆ ನಾನು ಸಿದ್ಧ. ಇಲಾಖೆಗಳು ಒಂದು ಪುಟದ ಕರಪತ್ರ ಮಾಡಿಸಿಕೊಡಲಿ: ಬೆಕ್ಕನ್ನು ತೋರಿಸಬಹುದಾದ ಪಶು ಆಸ್ಪತ್ರೆಗಳ ವಿಳಾಸ ಮತ್ತು ವೇಳೆ, ಚರ್ಮರೋಗ ವಿಭಾಗದ ಹೊರರೋಗಿ ದಿನಗಳು, ಸ್ಟೀರಾಯ್ಡ್ ಮುಲಾಮಿನ ಎಚ್ಚರಿಕೆ, ಕೌದಿ ಒಗೆಯುವ ಬಗೆ. ಮುಲಾಮು ಕೇಳಿಕೊಂಡು ಬಂದ ಪ್ರತಿಯೊಬ್ಬರ ಕೈಗೂ ಅದನ್ನು ಕೊಡುತ್ತೇನೆ, ಓದಲು ಬಾರದವರಿಗೆ ಓದಿ ಹೇಳುತ್ತೇನೆ. ಅದು ಮುಂದಿನ ಮಳೆಗಾಲಕ್ಕೆ ಮೊದಲು, ಮೇ ತಿಂಗಳೊಳಗೆ ಅಂಗಡಿಗಳಿಗೆ ಮುಟ್ಟುವಂತೆ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಹಳೇ ಹುಬ್ಬಳ್ಳಿಯ ಒಬ್ಬ ಔಷಧಿ ಅಂಗಡಿಯವ